ಡೋರ್ ಪ್ಯಾಡ್ ಬದಲಿಸಿ, ಹಳೇದನ್ನ ಮಾತ್ರ ಒಗೀಬ್ಯಾಡ್ರಿ

ಹಳೇ ಕಾರನ್ನು ಮತ್ತೆ ರಸ್ತೆಗೆ ತಂದವರ ಮಾತು ಕೇಳಿದ್ದೀರಾ? ಎಂಜಿನ್ ಬಗ್ಗೆ ಒಂದು ಗಂಟೆ, ಬಣ್ಣದ ಬಗ್ಗೆ ಅರ್ಧ ಗಂಟೆ, ಕ್ರೋಮ್ ಬಂಪರ್ ಯಾವ ಗುಜರಿಯಲ್ಲಿ ಸಿಕ್ಕಿತು ಎನ್ನುವುದಕ್ಕೆ ಇನ್ನರ್ಧ ಗಂಟೆ. ಆಮೇಲೆ ಬಾಗಿಲ ಒಳಗಡೆ ಏನು ಮಾಡಿಸಿದಿರಿ ಅಂತ ಕೇಳಿ ನೋಡಿ. "ಅದಾ? ಕುಶನ್ ಅಂಗಡಿಗೆ ಕೊಟ್ಟೆ, ಒಂದೇ ದಿನದಲ್ಲಿ ಹೊಸದು ಮಾಡಿಕೊಟ್ಟ" ಅಂತಾರೆ. ಅಲ್ಲಿಗೆ ಮಾತು ಮುಗೀತು.

ನನ್ನ ತಕರಾರು ಇರುವುದು ಆ ಒಂದು ದಿನದ ಕೆಲಸದ ಮೇಲೆ. ಕಾರಿನೊಳಗೆ ಕೂತವನ ಮೊಣಕೈ ತಾಗುವುದು ಡೋರ್ ಪ್ಯಾಡಿಗೆ. ದಿನಾ ಕೈಯಾಡುವ ಜಾಗ ಅದು. ಹಳೇ ಗಾಡಿ ಹಳೇ ಗಾಡಿಯಾಗಿ ಉಳಿಯುವುದೂ, ಹೊಸ ಬಣ್ಣ ಬಳಿದುಕೊಂಡ ಇನ್ನೇನೋ ಆಗುವುದೂ ಬಹಳ ಸಲ ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ಈ ಚರ್ಚೆ ನಮ್ಮ ಮನೆಯಲ್ಲಿ ಈಗ ಜೋರಾಗಿ ನಡೀತಿದೆ, ಅದಕ್ಕೇ ಬರೀತಿದ್ದೀನಿ. ತಿಕೋಟಾದಲ್ಲಿ ನಮ್ಮ ಕಾಕಾನ ಹತ್ತಿರ 1976ರ ಪ್ರೀಮಿಯರ್ ಪದ್ಮಿನಿ ಇದೆ. ದ್ರಾಕ್ಷಿ ತೋಟದ ಶೆಡ್ಡಿನಲ್ಲಿ, ಮಣೂಕದ ಕ್ರೇಟುಗಳ ಪಕ್ಕ, ತಾಡಪತ್ರಿ ಹೊದ್ದು ವರ್ಷಗಟ್ಟಲೆ ನಿಂತಿತ್ತು. ಈಗ ಎಬ್ಬಿಸೋಣ ಅಂತ ಆಗಿದೆ. ಎಂಜಿನ್ ಕೆಲಸಕ್ಕೆ ಯಾರದೂ ತಕರಾರಿಲ್ಲ. ಜಗಳ ಶುರುವಾಗಿದ್ದು ಬಾಗಿಲಿನಿಂದ. ನಾಲ್ಕೂ ಪ್ಯಾಡುಗಳ ಕೆಳಗಿನ ಅಂಚು ಹಪ್ಪಳದ ಹಾಗೆ ಉಬ್ಬಿವೆ, ರೆಕ್ಸಿನ್ ಬಿರುಕು ಬಿಟ್ಟಿದೆ. ಕಾಕಾನ ಮಗನ ಮಾತು: "ಪ್ಲೈವುಡ್ ಹೊಡ್ಸಿ, ಸ್ಪೀಕರ್ ಕುಂದ್ರಿಸಿ, ಪವರ್ ವಿಂಡೋ ಹಾಕ್ಸೋಣು. ಆ ಹಳೇದನ್ನ ಒಗೀ ಅತ್ತ." ಕಾಕಾನ ಮಾತು: "ಹೆಂಗೈತಿ ಹಂಗ ಇರ್ಲಿ, ಮುಟ್ಟಬ್ಯಾಡ್ರಿ."

ನನ್ನದು ಮೂರನೇ ಪಕ್ಷ. ಬದಲಿಸಬೇಕು, ಆದರೆ ಬದಲಿಸಿದ್ದು ಮೊದಲಿನದರ ಹಾಗೇ ಇರಬೇಕು, ಮತ್ತು ಹಳೆಯದು ಮನೆಯಲ್ಲೇ ಉಳಿಯಬೇಕು.

ಮೊದಲು ಕಾಕಾನಿಗೆ ಉತ್ತರ. ಡೋರ್ ಪ್ಯಾಡ್ ಅಂದರೆ ಏನು? ತೆಳ್ಳನೆಯ ಹಾರ್ಡ್‌ಬೋರ್ಡ್, ಅದರ ಮೇಲೆ ತುಸು ಮೆತ್ತೆ, ಅದರ ಮೇಲೆ ರೆಕ್ಸಿನ್. ಅಂಚಿನಲ್ಲಿ ಸ್ಪ್ರಿಂಗ್ ಕ್ಲಿಪ್ಪುಗಳು ಬಾಗಿಲ ತಗಡಿನ ತೂತಿಗೆ ಕಚ್ಚಿಕೊಳ್ಳುತ್ತವೆ. ಹಾರ್ಡ್‌ಬೋರ್ಡ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೆ ಐವತ್ತು ವರ್ಷ ಆಯುಷ್ಯ ಇರಲಿ ಅಂತ ಯಾರೂ ಮಾಡಿದ್ದಲ್ಲ. ಮುಟ್ಟದೆ ಬಿಟ್ಟರೆ ಒಳಗಿನ ತಗಡೂ ಹಾಳಾಗುತ್ತದೆ.

"ನಮ್ಮ ತಿಕೋಟಾದಾಗ ಮಳಿ ಎಲ್ಲೈತಿ, ನೀರು ಎಲ್ಲಿಂದ ಬರ್ತೈತಿ?" ಅಂತ ಕಾಕಾ ಕೇಳಿದರು. ಒಳ್ಳೆ ಪ್ರಶ್ನೆ. ಬಾಗಿಲ ಗಾಜಿನ ಮೇಲೆ ಬಿದ್ದ ನೀರಿನಲ್ಲಿ ಸ್ವಲ್ಪ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಇದು ದೋಷ ಅಲ್ಲ, ಬಾಗಿಲು ಇರುವುದೇ ಹಾಗೆ. ಆ ನೀರು ಹೊರಗೆ ಹೋಗಲಿ ಅಂತ ಬಾಗಿಲ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ಸೇರಿ ಆ ತೂತುಗಳು ಮುಚ್ಚಿಹೋಗುತ್ತವೆ. ಆಮೇಲೆ ಮಳೆಯೇ ಬೇಕಿಲ್ಲ, ವಾರಕ್ಕೊಮ್ಮೆ ಪೈಪ್ ಹಿಡಿದು ಗಾಡಿ ತೊಳೆದರೂ ಸಾಕು, ನೀರು ಒಳಗೇ ನಿಲ್ಲುತ್ತದೆ. ಮೇಲಿನಿಂದ ನಲವತ್ತು ಡಿಗ್ರಿ ದಾಟುವ ಬೇಸಿಗೆ. ರೆಕ್ಸಿನ್ ಮೆದುತನ ಕಳೆದುಕೊಂಡು ಬಿಗಿಯುತ್ತದೆ, ಸಲ್ಯೂಷನ್ ಬಿಡುತ್ತದೆ, ಹಲಗೆ ಬಾಗುತ್ತದೆ. ಕೆಳಗೆ ನೀರು, ಮೇಲೆ ಬಿಸಿಲು. ಇನ್ನು ಉಳಿಯುವುದೇನು?

ಹಾಗಾಗಿ ಹೊಸ ಹಲಗೆ ಹಾಕುವುದೇ ಸರಿ. ಹಾಕುವ ಮೊದಲು ತಳದ ತೂತು ಬಿಡಿಸಬೇಕು, ತುಕ್ಕು ಕೆರೆದು ಪ್ರೈಮರ್ ಹೊಡೆಯಬೇಕು, ಹಲಗೆಯ ಹಿಂಬದಿಗೂ ಅಂಚಿಗೂ ವಾರ್ನಿಶ್ ಬಳಿಯಬೇಕು, ಹಲಗೆಗೂ ತಗಡಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು. ಹಾಳೆಯ ಕೆಳತುದಿ ಬಾಗಿಲ ಒಳಭಾಗಕ್ಕೆ ಇಳಿದಿರಬೇಕು, ಆಗ ನೀರು ತಗಡಿನ ಕಡೆಗೇ ಹೋಗುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಈ ಹಾಳೆಯನ್ನು ಹರಿದು ಬಿಸಾಡಿ ಹಾಗೇ ಮುಚ್ಚಿಬಿಡುತ್ತಾರೆ. ಎರಡು ವರ್ಷಕ್ಕೆ ಹೊಸ ಪ್ಯಾಡೂ ಹಪ್ಪಳ!

ಈಗ ತಮ್ಮನಿಗೆ ಉತ್ತರ. ಪ್ಲೈವುಡ್ ಗಟ್ಟಿ, ಒಪ್ಪಿದೆ. ಆದರೆ ಅಂಗಡಿಯಲ್ಲಿ ಕೈಗೆ ಸಿಗುವ ಪ್ಲೈ ಹಳೇ ಹಲಗೆಗಿಂತ ದಪ್ಪ. ದಪ್ಪ ಹೆಚ್ಚಾದರೆ ಗಾಜು ಏರಿಸುವ ಹ್ಯಾಂಡಲ್ ಸರಿಯಾಗಿ ಕೂರುವುದಿಲ್ಲ, ಅದನ್ನು ಹಿಡಿಯುವ ಪಿನ್ನಿನ ತೂತು ಹಲಗೆಯೊಳಗೇ ಮರೆಯಾಗುತ್ತದೆ. ಕ್ಲಿಪ್ಪು ಕಚ್ಚುವುದಿಲ್ಲ ಅಂತ ಸ್ಕ್ರೂ ಹೊಡೆಯುತ್ತಾರೆ. ಸ್ಕ್ರೂಗೆ ತಗಡಿನಲ್ಲಿ ಹೊಸ ತೂತು, ಹೊಸ ತೂತಿಗೆ ಹೊಸ ತುಕ್ಕು. ನಾವು ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಕಡೆ ಇಂಟರ್‌ಫೇಸ್ ಬದಲಿಸಿದರೆ ಹತ್ತು ಕಡೆ ಪ್ಯಾಚ್ ಹಾಕಬೇಕು :)

ಸ್ಪೀಕರ್ ಕಥೆಯೂ ಇಷ್ಟೇ. ಹಲಗೆ ಕೊಯ್ದರೆ ಇನ್ನೊಂದು ಹಲಗೆ ಮಾಡಿಸಬಹುದು, ಅದರ ಹಿಂದಿನ ತಗಡು ಕೊಯ್ದರೆ? ಹೋಗಲಿ ಅಂತ ಕೊಯ್ದರೂ, ಗಾಜು ಪೂರ್ತಿ ಇಳಿಸಿದಾಗ ಸ್ಪೀಕರಿನ ಬೆನ್ನಿಗೆ ಬಡಿಯುವ ಸಾಧ್ಯತೆ ಇದೆ. ಹಾಡು ಬೇಕೇ ಬೇಕು ಅಂದರೆ ಒಂದು ಡಬ್ಬಿಯಲ್ಲಿ ಸ್ಪೀಕರ್ ಕೂರಿಸಿ ಹಿಂದಿನ ಸೀಟಿನ ಮೇಲಿನ ಹಲಗೆಯ ಮೇಲೆ ಇಡಿ. ಬೇಡ ಅನಿಸಿದ ದಿನ ಎತ್ತಿಟ್ಟರಾಯಿತು, ಗಾಡಿಗೆ ಗಾಯ ಇಲ್ಲ.

"ಯಾರು ನೋಡ್ತಾರ? ಕಾನೂನು ಕೇಳತೈತೇನು?" ಅಂತ ಅವನ ಮುಂದಿನ ಪ್ರಶ್ನೆ. ಕೇಳುವುದಿಲ್ಲ, ನಿಜ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿದ್ದರೆ 'ವಿಎ' ಎಂಬ ಪ್ರತ್ಯೇಕ ಸರಣಿಯ ನಂಬರ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಭಾರಿಯಾಗಿ ಬದಲಾಗಿರಬಾರದು. ಆದರೆ ಆ ನಂಬರ್ ತಗೊಂಡರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು. ಕಾಕಾನಿಗೆ ಬೇಕಿರುವುದು ತೋಟಕ್ಕೆ ಹೋಗಿಬರುವ ಗಾಡಿ, ಹಾಗಾಗಿ ಈ ದಾರಿ ನಮಗೆ ಸರಿಹೋಗುವುದಿಲ್ಲ. ಅಂದರೆ ರೆಕ್ಸಿನ್ ಹೀಗೇ ಇರಬೇಕು ಅಂತ ನಮಗೆ ಹೇಳುವವರು ಯಾರೂ ಇಲ್ಲ. ಯಾರೂ ಹೇಳದ ಕಡೆ ಜವಾಬ್ದಾರಿ ಮಾಲೀಕನದೇ ಅಲ್ಲವೇ?

ಇದರಲ್ಲಿ ನಿಜಕ್ಕೂ ಕಳೆದುಹೋಗುವುದು ಏನು ಅಂತ ಹೇಳ್ತೀನಿ. ಮುಂಬೈ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಹೆಸರಿನಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಾದ ಗಾಡಿ ಇದು. 2000ದ ಹೊತ್ತಿಗೆ ಉತ್ಪಾದನೆ ನಿಂತಿತು. ಮುಂಬೈಯಲ್ಲಿ 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷ ತುಂಬಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿಗಳು ಓಡುವತನಕ ಬಿಡಿಭಾಗಕ್ಕೆ ಗಿರಾಕಿ ಇದ್ದರು. ಇನ್ನು ಮುಂದೆ ಕಂಪನಿಯ ಡೋರ್ ಪ್ಯಾಡ್ ಎಲ್ಲಿಂದ ಬರಬೇಕು? ಅದಕ್ಕೂ ಹಿಂದಿನ, ಮರಾಠಿಯವರು 'ಡುಕ್ಕರ್', ಅಂದರೆ ಹಂದಿ, ಅಂತ ಅಡ್ಡಹೆಸರಿಟ್ಟ ಫಿಯಟ್ಟಿನದು ಇದಕ್ಕೆ ಹೊಂದುವುದಿಲ್ಲ. ಅದರ ಮುಂದಿನ ಬಾಗಿಲು ತೆರೆಯುವ ದಿಕ್ಕೇ ಬೇರೆ.

ಅಂದಮೇಲೆ ಶೆಡ್ಡಿನಲ್ಲಿರುವ ಆ ಉಬ್ಬಿದ, ಬಿರುಕುಬಿಟ್ಟ ಪ್ಯಾಡೇ ಈಗ ನಮ್ಮ ಡ್ರಾಯಿಂಗ್. ತೂತುಗಳ ಜಾಗ, ಕ್ಲಿಪ್ಪುಗಳ ನಡುವಿನ ಅಂತರ, ರೆಕ್ಸಿನ್ ಮೇಲಿನ ಗೆರೆ, ಮಡಚಿದ ಅಂಚಿನ ಕೆಳಗೆ ಬಿಸಿಲು ಕಾಣದೆ ಉಳಿದ ಅಸಲಿ ಬಣ್ಣ, ಎಲ್ಲ ಅದರಲ್ಲೇ ಇದೆ. ಅದನ್ನು ಗುಜರಿಗೆ ಹಾಕುವುದೂ, ಬ್ಯಾಕಪ್ ಇಲ್ಲದ ಸರ್ವರ್ ಫಾರ್ಮ್ಯಾಟ್ ಮಾಡುವುದೂ ಒಂದೇ.

ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟುರಿನ್ ಸನ್ನದು ಅಂತ ಒಂದು ದಾಖಲೆ ಒಪ್ಪಿಕೊಂಡಿತು. ಬದಲಿಸಿದ ಭಾಗಕ್ಕೆ ಗುರುತು ಇರಲಿ ಎನ್ನುವುದು ಅದರಲ್ಲಿರುವ ಮಾತುಗಳಲ್ಲಿ ಒಂದು. ವಿಜಯಪುರ ಜಿಲ್ಲೆಯವರಿಗೆ ಇದನ್ನು ಟುರಿನ್‌ನವರು ಹೇಳಬೇಕಿಲ್ಲ. ಗೋಲ ಗುಮ್ಮಟದ ಗಾರೆ ಉದುರಿದರೆ ಅಲ್ಲಿ ಬಾತ್‌ರೂಮಿನ ಟೈಲ್ಸ್ ಅಂಟಿಸಿದರೆ ನಾವು ಸುಮ್ಮನಿರುತ್ತೇವಾ? ಗಾರೆ ಹೋದಲ್ಲಿ ಗಾರೆಯೇ ಬರಬೇಕು ಅಂತೀವಿ. ಪದ್ಮಿನಿ ಗೋಲ ಗುಮ್ಮಟ ಅಲ್ಲ, ಗೊತ್ತು. ನ್ಯಾಯ ಮಾತ್ರ ಅದೇ.

ಖರ್ಚಿನ ಮಾತು ಬರುತ್ತದೆ. ಹಾರ್ಡ್‌ಬೋರ್ಡ್ ಪ್ಲೈಗಿಂತ ಅಗ್ಗ. ದುಬಾರಿ ಆಗುವುದು ಸಮಯ. ಹಳೇದನ್ನು ಇಟ್ಟು ಗೆರೆ ಎಳೆದು, ತೂತು ಒಂದೊಂದಾಗಿ ಹೊಂದಿಸಿ, ಗೆರೆ ಗೆರೆಗೆ ಕೂಡುವ ಹಾಗೆ ಹೊಲಿಯಬೇಕು. ಅಂಥ ಕೈ ಇರುವ ವಯಸ್ಸಾದ ಹೊಲಿಗೆಯವರು ಊರೂರಲ್ಲಿ ಇನ್ನೂ ಇದ್ದಾರೆ, ಅವರಿಗೆ ಬರುವ ಕೆಲಸ ಮಾತ್ರ ಬೈಕಿನ ಸೀಟ್ ಕವರು. ಒಂದೇ ದಿನದಲ್ಲಿ ಮುಗಿಸಿ ಅಂತ ಅವಸರ ಮಾಡಿದರೆ ಅವರೂ ಸ್ಕ್ರೂ ಹೊಡೆದೇ ಕಳಿಸುತ್ತಾರೆ. ತಪ್ಪು ಅವರದಲ್ಲ, ಕೇಳಿದ್ದು ನಾವು. ನಾಲ್ಕು ದಿನ ಕೊಡಿ, ನಾಲ್ಕು ದಿನದ ಕೂಲಿ ಕೊಡಿ.

ನಿಮ್ಮ ಮನೆಯ ಹಿತ್ತಲಲ್ಲೋ ಶೆಡ್ಡಿನಲ್ಲೋ ಪದ್ಮಿನಿ, ಅಂಬಾಸಿಡರ್ ಏನಾದರೂ ನಿಂತಿದ್ದರೆ ಇಷ್ಟು ಮಾಡಿ. ಪ್ಯಾಡ್ ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಿದ ಮೇಲೆ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ. ಕ್ಲಿಪ್ಪು, ಪಿನ್ನು ಡಬ್ಬಿಯಲ್ಲಿಡಿ. ಹೊಸ ಹಲಗೆಯ ಬೆನ್ನಿನ ಮೇಲೆ ಮಾಡಿಸಿದ ಇಸವಿ, ಹೊಲಿದವರ ಹೆಸರು ಬರೆಯಿರಿ. ಹಳೇ ಪ್ಯಾಡನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಜಾಗ ಏನೂ ಹಿಡಿಯುವುದಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಇದೇ ಗಾಡಿಯ ಬಾಗಿಲು ಬಿಚ್ಚುವವನಿಗೆ ಅಳತೆಗೆ ಬೇರೆಲ್ಲೂ ಓಡಾಡಬೇಕಾಗುವುದಿಲ್ಲ.