ಅನಾಥ ಪ್ಯಾಕೇಜುಗಳನ್ನು ಗುಡಿಸುವವರಿಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಗಣಕಯಂತ್ರದ ವೃತ್ತಿ ಹಿಡಿದವರು ಬಹಳ ಮಂದಿ. ನಾನು ಲಿನಕ್ಸ್ ಬಳಸುವವನೆಂದು ತಿಳಿದೊಡನೆ ಅವರಲ್ಲಿ ಬಹುತೇಕರು ಕೊಡುವ ಮೊದಲ ಉಪದೇಶ ಒಂದೇ: “ಸರ್, ಆಗಾಗ ಆಟೋರಿಮೂವ್ ಕೊಡ್ತಾ ಇರಿ, ಸಿಸ್ಟಮ್ ಕ್ಲೀನಾಗಿರುತ್ತೆ.” ಈ ಉಪದೇಶವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೆಂಪು ಶಾಯಿಯ ಪೆನ್ನು ಈಗ ನಿಮ್ಮ ಕೈಯಲ್ಲಿದೆ.

ಈ ವಿಷಯದ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ಡೆಬಿಯನ್, ಉಬುಂಟು ಮುಂತಾದ ವ್ಯವಸ್ಥೆಗಳಲ್ಲಿ ಒಂದು ತಂತ್ರಾಂಶವನ್ನು ತರಿಸಿಕೊಂಡರೆ ಅದು ತನಗೆ ಬೇಕಾದ ಹತ್ತಾರು ಲೈಬ್ರರಿಗಳನ್ನೂ ಜೊತೆಗೆ ಕರೆತರುತ್ತದೆ. ನಾವು ಹೆಸರಿಟ್ಟು ಕರೆದದ್ದು ಯಾವುದು, ಬೆನ್ನಿಗೆ ಬಂದದ್ದು ಯಾವುದು ಎಂಬುದನ್ನು ಆಪ್ಟ್ ಎಂಬ ಮೇಲ್ವಿಚಾರಕ ಒಂದು ಕಡತದಲ್ಲಿ ಗುರುತು ಹಾಕಿಡುತ್ತಾನೆ. ಮುಖ್ಯ ತಂತ್ರಾಂಶವನ್ನು ತೆಗೆದುಹಾಕಿದ ಮೇಲೆ ಬೆನ್ನಿಗೆ ಬಂದವು ಉಳಿದುಬಿಡುತ್ತವೆ, ಮದುಮಗ ಹೊರಟುಹೋದ ಮೇಲೂ ಚಪ್ಪರದಲ್ಲಿ ಕುಳಿತಿರುವ ದಿಬ್ಬಣದವರ ಹಾಗೆ. ಇವುಗಳಿಗೆ ಅನಾಥ ಪ್ಯಾಕೇಜು ಎಂಬ ಹೆಸರು. ಇವನ್ನೆಲ್ಲ ಒಂದೇ ಏಟಿಗೆ ಹೊರಹಾಕುವ ಆದೇಶವೇ ಆಟೋರಿಮೂವ್.

ಗುಡಿಸುವವರ ಮೊದಲ ವಾದ, ಇವು ಯಂತ್ರವನ್ನು ನಿಧಾನಗೊಳಿಸುತ್ತವೆ ಎಂಬುದು. ಇದು ಸುಳ್ಳು. ಯಾರೂ ಕರೆಯದ ಲೈಬ್ರರಿ ಡಿಸ್ಕಿನ ಮೇಲೆ ಮಲಗಿರುವ ಒಂದು ಕಡತ, ಅಷ್ಟೆ. ಅದು ನೆನಪಿನ ಕೋಶವನ್ನು ತಿನ್ನುವುದಿಲ್ಲ, ಸಂಸ್ಕಾರಕದ ಸಮಯವನ್ನೂ ಬೇಡುವುದಿಲ್ಲ. ಯಂತ್ರ ಆರಂಭವಾದೊಡನೆ ತಾನೂ ಎದ್ದು ಓಡಾಡುವ ಸೇವೆಗಳ ಮಾತು ಬೇರೆ. ಆದರೆ ಈ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವುವು ಅಂಥವಲ್ಲ. ಪೆಟ್ಟಿಗೆಯ ತಳದಲ್ಲಿರುವ ಹಳೆಯ ಶಾಲಿನಿಂದ ಮನೆಯ ದೀಪ ಮಂಕಾಗುತ್ತದೆಯೇ?

ಎರಡನೆಯ ವಾದ, ಯಾರಿಗೂ ಬೇಡವೆಂದು ಯಂತ್ರವೇ ಹೇಳುತ್ತಿದೆಯಲ್ಲ ಎಂಬುದು. ಯಂತ್ರ ಹಾಗೆ ಹೇಳುತ್ತಿಲ್ಲ. “ನನ್ನ ಲೆಕ್ಕದ ಪುಸ್ತಕದಲ್ಲಿ ಇದನ್ನು ಕೇಳುವ ಬೇರೆ ಪ್ಯಾಕೇಜಿಲ್ಲ” ಎಂದಷ್ಟೇ ಅದು ಹೇಳುತ್ತಿದೆ. ಆ ಪುಸ್ತಕದಲ್ಲಿ ಪ್ಯಾಕೇಜುಗಳಿಗೆ ಪುಟವಿದೆ, ಮನುಷ್ಯರಿಗಿಲ್ಲ. ನಾನು ಕೈಯಾರೆ ಬರೆದುಕೊಂಡ ನಾಲ್ಕು ಸಾಲಿನ ಸ್ಕ್ರಿಪ್ಟು ಯಾವ ಉಪಕರಣವನ್ನು ನಂಬಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮೂಲ ಸಂಕೇತದಿಂದ ನೀವೇ ಕಟ್ಟಿಕೊಂಡ ತಂತ್ರಾಂಶಕ್ಕೆ ಯಾವ ಲೈಬ್ರರಿ ಪ್ರಾಣವೆಂಬುದೂ ಗೊತ್ತಿಲ್ಲ. ನಮ್ಮ ಅಕ್ಷರಗಳನ್ನೇ ತೆಗೆದುಕೊಳ್ಳಿ. ಡೆಬಿಯನ್‌ನಲ್ಲಿ ಕನ್ನಡದ ಫಾಂಟುಗಳನ್ನು ಒಟ್ಟಿಗೆ ತರಿಸುವುದಕ್ಕೆಂದು ಒಂದು ಪ್ಯಾಕೇಜಿದೆ. ಅದರೊಳಗೆ ಒಂದು ಅಕ್ಷರವೂ ಇಲ್ಲ, ಇರುವುದು ಅವಲಂಬನೆಯ ಪಟ್ಟಿ ಮಾತ್ರ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಅದರ ಬೆನ್ನಿಗೆ ಬರುತ್ತವೆ. ಖಾಲಿ ಪ್ಯಾಕೇಜೇಕೆಂದು ಅದನ್ನು ತೆಗೆದಿರೋ, ಬೇರಾವುದೂ ಕೇಳದಿದ್ದಲ್ಲಿ ಈ ಮೂರೂ ಅನಾಥರ ಸಾಲಿಗೆ ಬಂದು ನಿಲ್ಲುತ್ತವೆ. ನವಿಲಿನಲ್ಲಿ ಜೋಡಿಸಿದ ನೂರು ಪುಟದ ಬರಹ ನಿಮ್ಮ ಕಡತಕೋಶದಲ್ಲಿದ್ದರೂ ಆಪ್ಟ್‌ಗೆ ಅದು ಕಾಣುವುದಿಲ್ಲ, ಏಕೆಂದರೆ ಬರಹವು ಪ್ಯಾಕೇಜಲ್ಲ. ಕನ್ನಡದ ಇನ್ನೊಂದು ಫಾಂಟಿದ್ದರೆ ಪುಟಗಳ ಜೋಡಣೆ ಮಾತ್ರ ಕೆಟ್ಟೀತು. ಒಂದೂ ಇಲ್ಲದಿದ್ದರೆ ಅಕ್ಷರಗಳಿದ್ದ ಕಡೆ ಚೌಕಗಳು ಕಾಣುತ್ತವೆ.

ಹಾಗಾದರೆ ಏನನ್ನೂ ತೆಗೆಯಬಾರದೆ? “ಡಿಸ್ಕು ಅಗ್ಗ, ಮುಟ್ಟಬೇಡಿ” ಎನ್ನುವ ಇನ್ನೊಂದು ಪಂಗಡವೂ ಇದೆ. ಅದು ಸೋಮಾರಿಗಳ ಪಂಗಡ. ಹಳೆಯ ಕರ್ನಲ್‌ಗಳು ರಾಶಿ ಬಿದ್ದರೆ, ಬೂಟ್ ವಿಭಾಗವನ್ನು ಪ್ರತ್ಯೇಕವಾಗಿ ಚಿಕ್ಕದಾಗಿ ಇಟ್ಟಿರುವ ಯಂತ್ರಗಳಲ್ಲಿ ಜಾಗ ತುಂಬಿ, ಹೊಸ ಕರ್ನಲ್ ಕೂರಲು ಎಡೆಯಿಲ್ಲದೆ, ಸುರಕ್ಷತೆಯ ತಿದ್ದುಪಡಿಯೇ ನಿಂತುಹೋಗುತ್ತದೆ. ಅಲ್ಲಿ ಆಟೋರಿಮೂವ್ ಸರಿಯಾದ ಮದ್ದು. ಈಗ ಓಡುತ್ತಿರುವ ಕರ್ನಲನ್ನು ಅದು ತಾನಾಗಿಯೇ ಉಳಿಸುತ್ತದೆ. ಇನ್ನೊಂದು ಜಾತಿಯುಂಟು. ವ್ಯವಸ್ಥೆಯ ಹೊಸ ಆವೃತ್ತಿಗೆ ಏರಿದಾಗ ಹಳೆಯ ಕೆಲವು ಪ್ಯಾಕೇಜುಗಳು ಭಂಡಾರದಿಂದಲೇ ಕಣ್ಮರೆಯಾಗಿರುತ್ತವೆ, ನಮ್ಮ ಯಂತ್ರದಲ್ಲಿ ಮಾತ್ರ ಉಳಿದಿರುತ್ತವೆ. ಅವುಗಳಲ್ಲಿ ನಾಳೆ ಬಿರುಕು ಕಂಡರೆ ಮುಚ್ಚುವ ತೇಪೆ ಆ ಭಂಡಾರದಿಂದ ಬರಲಾರದು. ಭಂಡಾರದಲ್ಲಿ ಇನ್ನೂ ಇರುವ ಅನಾಥ ಲೈಬ್ರರಿಗಾದರೋ ಉಳಿದವಕ್ಕೆ ಬಂದಂತೆ ತೇಪೆ ಬರುತ್ತದೆ. ಈ ಎರಡನ್ನು ಬೇರ್ಪಡಿಸದೆ “ಕ್ಲೀನು” ಎನ್ನುವುದು ವೈದ್ಯವಲ್ಲ, ಶುಚಿಯ ಗೀಳು.

ಗೀಳಿನ ಪರಮಾವಧಿಯೆಂದರೆ ಆದೇಶದ ಕೊನೆಗೆ ‘ವೈ’ ಎಂಬ ಒಂದಕ್ಷರ ಸೇರಿಸಿ, ಪ್ರಶ್ನೆ ಬರುವ ಮುಂಚೆಯೇ ಹೌದೆಂದು ಉತ್ತರಿಸಿಬಿಡುವುದು. 2021ರಲ್ಲಿ ಯೂಟ್ಯೂಬಿನ ಪ್ರಸಿದ್ಧ ತಂತ್ರಜ್ಞಾನ ನಿರೂಪಕ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಿಕೊಳ್ಳಲು ಹೊರಟರು. ಪ್ಯಾಕೇಜಿನಲ್ಲೊಂದು ದೋಷವಿತ್ತು. ಅತ್ಯಗತ್ಯ ಭಾಗಗಳು ಹೋಗುತ್ತವೆಂದು ಆಪ್ಟ್ ಎಚ್ಚರಿಸಿತು, ಹೌದು, ನಾನು ಹೇಳಿದಂತೆಯೇ ಮಾಡು ಎಂದು ಪೂರ್ತಿ ವಾಕ್ಯವನ್ನೇ ಬೆರಳಚ್ಚಿಸಲು ಕೇಳಿತು. ಅವರು ಬೆರಳಚ್ಚಿಸಿದರು, ಮೇಜುತೆರೆಯೇ ಮಾಯವಾಯಿತು. ಅದು ಆಟೋರಿಮೂವ್ ಅಲ್ಲ, ನಿಜ. ಆದರೆ ಪಟ್ಟಿಯನ್ನು ಓದದ ಕಣ್ಣು ಅದೇ. ಪ್ರಶ್ನಪತ್ರಿಕೆ ಓದದೆ ಉತ್ತರ ಬರೆಯುತ್ತಿದ್ದವರನ್ನು ನಾನು ಬಲ್ಲೆ, ಅವರಲ್ಲಿ ಇಬ್ಬರು ಈ ಪುಟದ ಓದುಗರು! ಆದೇಶವನ್ನು ಮೊದಲು ಅನುಕರಣೆಯಾಗಿ ಓಡಿಸಿ ಪಟ್ಟಿ ನೋಡಬಹುದು. ಬೇಕಾದದ್ದನ್ನು ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಗುರುತಿಸಿದರೆ ಅದು ಇನ್ನೆಂದೂ ಈ ಸಾಲಿಗೆ ಬರುವುದಿಲ್ಲ. ಎರಡು ನಿಮಿಷದ ಕೆಲಸ.

ನನ್ನ ನಿಜವಾದ ತಕರಾರು ಇರುವುದು ಆ ಪದದ ಬಗ್ಗೆಯೇ. ಡೆಬಿಯನ್ನಿನ ಪರಿಭಾಷೆಯಲ್ಲಿ ಅನಾಥ ಎಂಬುದಕ್ಕೆ ಇನ್ನೊಂದು ಅರ್ಥವಿದೆ: ಪಾಲಕನು ಕೈಬಿಟ್ಟ ಪ್ಯಾಕೇಜು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಇಂದಿಗೂ ಸ್ವಯಂಸೇವಕರಿಂದ ನಡೆಯುತ್ತಿದೆ. ಒಬ್ಬನಿಗೆ ಕೆಲಸ ಬದಲಾಗುತ್ತದೆ, ಇನ್ನೊಬ್ಬನಿಗೆ ಮಗು ಹುಟ್ಟುತ್ತದೆ, ಪ್ಯಾಕೇಜು ದಿಕ್ಕಿಲ್ಲದೆ ನಿಲ್ಲುತ್ತದೆ. ನಾಥನಿಲ್ಲದ್ದು ಇದು. ಹತ್ತು ತಂತ್ರಾಂಶಗಳು ಇದನ್ನು ನಂಬಿರಬಹುದು, ಆದ್ದರಿಂದ ಆಟೋರಿಮೂವ್ ಇದರ ಹೆಸರನ್ನೇ ಎತ್ತುವುದಿಲ್ಲ. ಪಾಲಕನ ಕೈ ಸೋತರೆ ಏನಾದೀತೆಂಬುದನ್ನು 2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಪ್ರಕರಣ ತೋರಿಸಿತು. ಬಹುಮಟ್ಟಿಗೆ ಒಬ್ಬನೇ ದಣಿದು ನಡೆಸುತ್ತಿದ್ದ ಲೈಬ್ರರಿಗೆ ನೆರವಿನ ನೆಪದಲ್ಲಿ ಬಂದವನೊಬ್ಬ ವರ್ಷಗಟ್ಟಲೆ ನಂಬಿಕೆ ಗಳಿಸಿ ಕಳ್ಳಬಾಗಿಲು ಇಟ್ಟ. ಲಾಗಿನ್ ಅರ್ಧ ಸೆಕೆಂಡು ತಡವಾದದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಗಮನಿಸದಿದ್ದರೆ ಅದು ಎಷ್ಟು ಯಂತ್ರಗಳಿಗೆ ಹೊಕ್ಕಿರುತ್ತಿತ್ತೋ.

ಡೆಬಿಯನ್ನಿನ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನಲ್ಲಿ ‘ಡಬ್ಲ್ಯೂಎನ್‌ಪಿಪಿ-ಅಲರ್ಟ್’ ಎಂಬ ಆದೇಶವಿದೆ. ನಿಮ್ಮ ಯಂತ್ರದಲ್ಲಿರುವ ಪ್ಯಾಕೇಜುಗಳ ಪೈಕಿ ಪಾಲಕರಿಲ್ಲದವು, ದತ್ತುವಿಗೆ ಕಾದಿರುವವು ಯಾವುವೆಂದು ಅದು ತೋರಿಸುತ್ತದೆ. ವಾರಕ್ಕೊಮ್ಮೆ ಗುಡಿಸುವ ಪುರುಸೊತ್ತು ನಿಮಗಿದೆಯೆಂದು ನೀವೇ ಹೇಳಿದ್ದೀರಿ. ಈ ವಾರ ಪೊರಕೆ ಇಳಿಸಿ, ಆ ಪಟ್ಟಿಯನ್ನೊಮ್ಮೆ ಓಡಿಸಿ. ಅದರಲ್ಲೊಂದನ್ನು ಸಾಕುತ್ತೇನೆಂದು ಮುಂದೆ ಬರುವವರಿದ್ದರೆ ನನಗೆ ಬರೆದು ತಿಳಿಸಿ.