ಎಂಜಿನ್ನಿಗೊಂದು ಯೋಗ್ಯ ಪೀಠ

ದಸರೆಯ ಆಸುಪಾಸಿನಲ್ಲಿ ನಮ್ಮ ಮೈಸೂರಿನಲ್ಲಿ ಹಳೆಯ ಮೋಟಾರು ಕಾರುಗಳ ಪ್ರದರ್ಶನ ಏರ್ಪಟ್ಟಾಗಲೆಲ್ಲ ಜನ ಮುತ್ತುವುದು ಮಿರುಗುವ ಬಣ್ಣವನ್ನೂ ಉಜ್ಜಿ ಬೆಳಗಿದ ಹಿತ್ತಾಳೆಯ ದೀಪಗಳನ್ನೂ ಕಡ್ಡಿಚಕ್ರಗಳನ್ನೂ ನೋಡುವುದಕ್ಕೆ. ಬಾನೆಟ್ಟಿನ ಕೆಳಗಿರುವ ಎಂಜಿನ್ನನ್ನು ಕಳಚಿ ಜೋಡಿಸಿದವರು ಅದನ್ನು ಯಾವುದರ ಮೇಲೆ ನಿಲ್ಲಿಸಿಕೊಂಡು ಆ ಕೆಲಸ ಮಾಡಿದರೆಂದು ವಿಚಾರಿಸುವವರು ವಿರಳ. ವಿಚಾರಿಸಿದರೂ ದೊರೆಯುವ ಉತ್ತರ ಅನೇಕ ವೇಳೆ ಸಮಾಧಾನಕರವಾಗಿರುವುದಿಲ್ಲ. ಎರಡು ಸವೆದ ಟೈರು, ಒಂದು ಮರದ ದಿಮ್ಮಿ, ಅಥವಾ ಅಗ್ಗವೆಂದು ತರಿಸಿಕೊಂಡ ಮೂರು ಚಕ್ರದ ಸ್ಟ್ಯಾಂಡು: ಲಕ್ಷಾಂತರ ರೂಪಾಯಿ ವೆಚ್ಚದ ಪುನರುಜ್ಜೀವನ ಕಾರ್ಯದಲ್ಲಿ ಕಾರಿನ ಹೃದಯಭಾಗಕ್ಕೆ ದಕ್ಕುವ ಆಸನ ಇಷ್ಟೆ. ಈ ಉಪೇಕ್ಷೆ ತರವಲ್ಲವೆಂಬುದೂ, ಸ್ಟ್ಯಾಂಡನ್ನು ಆರಿಸುವಾಗ ಅಂಗಡಿಯವನ ಚೀಟಿಯನ್ನಲ್ಲದೆ ಎಂಜಿನ್ನಿನ ಮೈಯನ್ನೇ ಓದಿಕೊಳ್ಳಬೇಕೆಂಬುದೂ ನನ್ನ ವಾದ.

ಇದು ಕೇವಲ ಹವ್ಯಾಸಿಗಳ ಚರ್ಚೆಯೆಂದು ತಳ್ಳಿಹಾಕುವ ಹಾಗೂ ಇಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದುಬಂದ, ಚಾಸಿಯಲ್ಲಾಗಲಿ ಮೈಗೂಡಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಟಿಗೆ ಒಳಗಾಗದ ವಾಹನ ಮಾತ್ರ ವಿಂಟೇಜ್ ಎನಿಸಿಕೊಳ್ಳುತ್ತದೆ. 20,000 ರೂಪಾಯಿ ಶುಲ್ಕ ತೆತ್ತರೆ ಹತ್ತು ವರ್ಷಗಳ ನೋಂದಣಿಯೂ ‘ವಿಎ’ ಅಕ್ಷರಗಳುಳ್ಳ ಫಲಕವೂ ಅದಕ್ಕೆ ಲಭಿಸುತ್ತವೆ. ಅಜ್ಜಂದಿರು ನಿತ್ಯದ ಓಡಾಟಕ್ಕೆ ಬಳಸುತ್ತಿದ್ದ ಅಂಬಾಸಿಡರು ಫಿಯಟ್ಟುಗಳಲ್ಲಿ ಎಷ್ಟೋ ಈಗಾಗಲೇ ಈ ಗೌರವದ ವಯಸ್ಸನ್ನು ಮುಟ್ಟಿವೆ. ಹೀಗಿರುವಾಗ ಮೂಲ ಎಂಜಿನ್ನಿನ ಬ್ಲಾಕು ಸ್ಟ್ಯಾಂಡಿನಿಂದ ಜಾರಿ ಬಿದ್ದು ಒಂದು ಕಿವಿ ಮುರಿಯಿತೆಂದರೆ, ಎರಕದ ಕಬ್ಬಿಣವನ್ನು ಬೆಸೆಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ ಆ ನಷ್ಟದ ಪ್ರಮಾಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಸ್ಟ್ಯಾಂಡಿನ ರಚನೆ ಸರಳವಾದುದು. ನೆಟ್ಟಗೆ ನಿಂತ ಒಂದು ಕಂಬ, ಅದರ ನೆತ್ತಿಯಲ್ಲಿ ತಿರುಗುವ ಒಂದು ತಲೆ, ತಲೆಯಿಂದ ಚಾಚಿದ ನಾಲ್ಕು ತೋಳು. ಗೇರುಪೆಟ್ಟಿಗೆಯನ್ನು ಬಿಚ್ಚಿದ ಮೇಲೆ ಎಂಜಿನ್ನಿನ ಹಿಂಬದಿಯಲ್ಲಿ ತೆರವಾಗುವ ಬೋಲ್ಟುರಂಧ್ರಗಳಿಗೆ ಆ ತೋಳುಗಳನ್ನು ಬಿಗಿದರೆ ಎಂಜಿನ್ ಅಂತರಿಕ್ಷದಲ್ಲಿ ಅಡ್ಡಲಾಗಿ ನಿಲ್ಲುತ್ತದೆ. ಚೀಟಿಯ ಮೇಲೆ 340 ಕಿಲೋ ಎಂದೋ 450 ಕಿಲೋ ಎಂದೋ ಬರೆದಿರುತ್ತದೆ. ಕೊಳ್ಳುವವರು ತಮ್ಮ ಎಂಜಿನ್ನಿನ ತೂಕ ಅದಕ್ಕಿಂತ ಕಡಿಮೆಯೆಂದು ನಿಶ್ಚಿಂತರಾಗಿ ಮನೆಗೆ ಬರುತ್ತಾರೆ. ಆದರೆ ಕಂಬವನ್ನು ಬಗ್ಗಿಸುವುದು ತೂಕವೊಂದೇ ಅಲ್ಲ, ತೂಕ ಮತ್ತು ದೂರಗಳ ಗುಣಲಬ್ಧ. ಸಾಲಾಗಿ ನಾಲ್ಕೇ ಸಿಲಿಂಡರುಳ್ಳ ಗಿಡ್ಡ ಎಂಜಿನ್ನಿನ ಭಾರಕೇಂದ್ರ ತಲೆಯ ಸಮೀಪದಲ್ಲಿರುತ್ತದೆ. ಅಷ್ಟೇ ತೂಕದ ಆರು ಸಿಲಿಂಡರಿನ ನೀಳ ಎಂಜಿನ್ನಿನದು ಮುಂದಕ್ಕೆ ಸರಿದಿರುತ್ತದೆ. 250 ಕಿಲೋ ತೂಕದ ಎಂಜಿನ್ನಿನ ಭಾರಕೇಂದ್ರ ತಲೆಯಿಂದ 30 ಸೆಂಟಿಮೀಟರಿನ ಬದಲು 45 ಸೆಂಟಿಮೀಟರಿನಲ್ಲಿದ್ದರೆ ಕಂಬದ ಮೇಲಣ ಎಳೆತ ಒಂದೂವರೆ ಪಾಲಾಗುತ್ತದೆಂಬ ಲೆಕ್ಕ ಚೀಟಿಯಲ್ಲಿ ಎಲ್ಲಿಯೂ ಕಾಣಿಸದು. ಮುಂಬಯಿಯಲ್ಲಿ 1928ರಿಂದ ಜೋಡಣೆಯಾಗತೊಡಗಿದ ಷೆವರ್ಲೆ ಕಾರುಗಳಿಗೆ ಮರುವರ್ಷ ಬಂದ ಆರು ಸಿಲಿಂಡರಿನ ಎರಕದ ಕಬ್ಬಿಣದ ಎಂಜಿನ್ ಈ ನೀಳಜಾತಿಗೆ ಸೇರಿದುದು. ಅಂಥದನ್ನು ಹೊರುವ ಸ್ಟ್ಯಾಂಡಿಗೆ ಮುಂದೊಂದು ಊರುಗಾಲಾದರೂ ಇರಲೇಬೇಕು.

ಇನ್ನೂ ಮೂಲಭೂತವಾದ ತೊಡಕು ಬೇರೆ ಇದೆ. ಹಿಂಬದಿಯಿಂದ ಹಿಡಿಯುವ ಈ ಪದ್ಧತಿಯು ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಬಿಚ್ಚಬಹುದಾದ ಸಪಾಟಾದ ಮುಖವೊಂದಿದೆಯೆಂದು ಭಾವಿಸುತ್ತದೆ. ಮೊದಲ ತಲೆಮಾರಿನ ಎಂಜಿನ್ನುಗಳ ನಿರ್ಮಾತೃಗಳು ಹಾಗೆ ಭಾವಿಸಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನ್ನೂ ಫ್ಲೈವೀಲೂ ಗೇರುಗಳೂ ಒಂದೇ ತಗಡಿನ ತೊಟ್ಟಿಯೊಳಗೆ ಸಹವಾಸ ಮಾಡುತ್ತವೆ. ಹಿಂದೆ ಬೋಲ್ಟು ಬಿಗಿಯುವುದಕ್ಕೆ ಖಾಲಿ ಮುಖವೇ ಇಲ್ಲ. 1932ರಲ್ಲಿ ಬಂದ ಫೋರ್ಡ್ ವಿ-8 ಎಂಜಿನ್ನಿನ ಬ್ಲಾಕಿನಲ್ಲಿ ಕ್ಲಚ್ಚಿನ ಕವಚವೂ ಒಂದೇ ಎರಕದಲ್ಲಿ ಸೇರಿಬಂದಿದೆ. ಅದನ್ನು ಬಲ್ಲವರು ಹೊಗೆ ಹೊರಡುವ ಪಕ್ಕದ ಮುಖಕ್ಕೆ ಸ್ಟ್ಯಾಂಡನ್ನು ಬಿಗಿಯುತ್ತಾರೆ. 1922ರ ಆಸ್ಟಿನ್ ಸೆವೆನ್ ಕಾರಿನ ಎಂಜಿನ್ ಇಬ್ಬರು ಸುಲಭವಾಗಿ ಎತ್ತಬಹುದಾದಷ್ಟು ಹಗುರವೇನೋ ನಿಜ. ಆದರೆ ಅದರ ಕ್ರ್ಯಾಂಕ್ ಕೋಶ ಅಲ್ಯೂಮಿನಿಯಮ್ಮಿನದು, ಆ ಮೃದು ಲೋಹದ ತಿರುಪುಮರೆಗಳಿಗೆ ಇಡೀ ಎಂಜಿನ್ನನ್ನು ನೇತುಹಾಕುವುದು ಮರೆ ಕಿತ್ತುಬರಲೆಂದು ಪ್ರಾರ್ಥಿಸಿದಂತೆ. ಅದೇ ವರ್ಷ ಬಂದ, 3127 ಸಿ.ಸಿ.ಯ ರೋಲ್ಸ್ ರಾಯ್ಸ್ ಟ್ವೆಂಟಿಯದೂ ಅಲ್ಯೂಮಿನಿಯಮ್ ಕೋಶವೇ. ಅದು ಎಷ್ಟು ದುಬಾರಿಯ ಪ್ರಾರ್ಥನೆಯಾದೀತೆಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಇವನ್ನೆಲ್ಲ ಹಿಡಿಯುವುದೆಲ್ಲಿ? ಉತ್ತರ ಆ ಎಂಜಿನ್ನುಗಳ ಮೈಮೇಲೆಯೇ ಇದೆ. ಕಾರಿನ ಚೌಕಟ್ಟಿನ ಮೇಲೆ ಎಂಜಿನ್ ಕೂರುವುದಕ್ಕಾಗಿ ನಿರ್ಮಾತೃವು ಕೆಲವು ಕಿವಿಗಳನ್ನೋ ತೋಳುಗಳನ್ನೋ ಕೊಟ್ಟಿರುತ್ತಾನೆ. ಮಾಡೆಲ್ ಟಿ ಎಂಜಿನ್ನಿಗೆ ಮುಂದೆ ಒಂದು, ಹಿಂದೆ ಎರಡು, ಹೀಗೆ ಮೂರೇ ಆಧಾರ. ಆಸ್ಟಿನ್ ಸೆವೆನ್ನಿಗೆ ಕೋಶದ ಇಕ್ಕೆಲಗಳಲ್ಲಿ ನಾಲ್ಕು. ಹಳ್ಳಕೊಳ್ಳಗಳ ರಸ್ತೆಯಲ್ಲಿ ದಶಕಗಟ್ಟಲೆ ಕುಲುಕಾಟವನ್ನು ತಡೆದ ಆ ಆಧಾರಬಿಂದುಗಳಿಗಿಂತ ವಿಶ್ವಾಸಾರ್ಹವಾದ ಬಿಂದುಗಳನ್ನು ಎಂಜಿನ್ನಿನಲ್ಲಿ ಬೇರೆಡೆ ಹುಡುಕುವುದು ವ್ಯರ್ಥ ಶ್ರಮ. ಅವುಗಳ ಅಳತೆಗೆ ತಕ್ಕಂತೆ ಕಬ್ಬಿಣದ ಚೌಕಟ್ಟೊಂದನ್ನು ಮಾಡಿಸಿ, ಆ ಚೌಕಟ್ಟನ್ನು ಹಿಂದೂ ಮುಂದೂ ಎರಡು ಕಂಬಗಳ ನಡುವೆ ತೂಗಿಬಿಟ್ಟರೆ, ಎಂಜಿನ್ನನ್ನು ಮಗುಚಬಹುದು, ಫ್ಲೈವೀಲು ಕ್ಲಚ್ಚುಗಳನ್ನು ಸ್ಟ್ಯಾಂಡಿನ ಮೇಲೆಯೇ ಜೋಡಿಸಬಹುದು, ಹಿಂಬದಿಯ ಬೇರಿಂಗಿನಲ್ಲಿ ಎಣ್ಣೆ ಒಸರುತ್ತಿದೆಯೇ ಎಂದು ಬಗ್ಗಿ ನೋಡಲೂಬಹುದು. ಹಿಂಬದಿ ಹಿಡಿಯುವ ಸ್ಟ್ಯಾಂಡಿನಲ್ಲಿ ಈ ಕೊನೆಯ ಎರಡು ಕೆಲಸಗಳಿಗೂ ಅವಕಾಶವಿಲ್ಲವೆಂಬುದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿಗೂ ಫಿಯಟ್ಟಿನ 1089 ಸಿ.ಸಿ. ಎಂಜಿನ್ನಿಗೂ ಇಷ್ಟೆಲ್ಲ ಆಡಂಬರ ಬೇಡ. ಪೇಟೆಯ ಸ್ಟ್ಯಾಂಡೇ ಸಾಕು, ನಾಲ್ಕು ಚಕ್ರದ್ದಾಗಿದ್ದರೆ. ಮೂರು ಚಕ್ರದ್ದನ್ನು ಎಷ್ಟೇ ಅಗ್ಗವಾದರೂ ಮನೆಗೆ ತರಬಾರದು.

ಚಕ್ರಗಳ ಮಾತು ಬಂದುದರಿಂದ ನಮ್ಮೂರಿನ ನೆಲದ ಮಾತನ್ನೂ ಆಡಬೇಕು. ಮೈಸೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಕಾರು ನಿಲ್ಲಿಸುವ ಷೆಡ್ಡಿನ ನೆಲ ಕಲ್ಲುಚಪ್ಪಡಿಯದಾಗಿರುವುದುಂಟು, ಬಿರಿದ ಗಾರೆಯದಾಗಿರುವುದೂ ಉಂಟು. ಸ್ಟ್ಯಾಂಡಿನೊಡನೆ ಬರುವ ಪುಟ್ಟ ಚಕ್ರಗಳು ಚಪ್ಪಡಿಗಳ ಸಂದಿಗೆ ಸಿಕ್ಕಿಕೊಂಡವೆಂದರೆ, ತಳ್ಳುತ್ತಿರುವಾತನ ಬಲವೆಲ್ಲ ಎಂಜಿನ್ನನ್ನು ಉರುಳಿಸುವುದಕ್ಕೆ ವಿನಿಯೋಗವಾಗುತ್ತದೆ. ಅಂಗೈಯಗಲದ ಚಕ್ರಗಳು, ಎರಡಕ್ಕಾದರೂ ಬ್ರೇಕು, ನೆಲದಿಂದ ಆದಷ್ಟು ತಗ್ಗಿದ ಎಂಜಿನ್: ಈ ಮೂರನ್ನು ಕೇಳಿ ಪಡೆಯಬೇಕು.

ತಿರುಗುವ ತಲೆಯಲ್ಲಿಯೂ ತಾರತಮ್ಯವಿದೆ. ಕೊಳವೆಯೊಳಗೊಂದು ಕೊಳವೆ, ಅಡ್ಡಲಾಗಿ ತೂರಿಸಿದ ಒಂದು ಪಿನ್ನು, ಇಷ್ಟೇ ಇರುವ ತಲೆಯಲ್ಲಿ ಎಂಜಿನ್ನನ್ನು ಮಗುಚುವುದೆಂದರೆ ಪಿನ್ನನ್ನು ಕಿತ್ತು ಕಬ್ಬಿಣದ ಹಾರೆಯನ್ನು ಬಿಗಿಯಾಗಿ ಹಿಡಿದು ದೇವರ ಮೇಲೆ ಭಾರ ಹಾಕುವುದು. ಭಾರಕೇಂದ್ರವು ತಿರುಗುವ ಅಕ್ಷಕ್ಕಿಂತ ಮೇಲಿದ್ದರೆ ಎಂಜಿನ್ ತಾನಾಗಿಯೇ ಗಿರಕಿ ಹೊಡೆದು ಹಾರೆಯನ್ನು ಕೈಯಿಂದ ಕಿತ್ತೆಸೆಯುತ್ತದೆ. ಹಲ್ಲುಚಕ್ರ ಜೋಡಿಸಿದ, ಹಿಡಿಕೆ ತಿರುವಿದಷ್ಟೇ ತಿರುಗುವ ತಲೆಗೆ ಹೆಚ್ಚು ಹಣ ಕೊಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಬೋಲ್ಟುಗಳ ವಿಷಯದಲ್ಲಂತೂ ಜಿಪುಣತನ ಸಲ್ಲದು. ಹಳೆಯ ಬ್ರಿಟಿಷ್ ಎಂಜಿನ್ನುಗಳ ಮರೆ ವಿಟ್‌ವರ್ತ್ ಮಾನದ್ದು, ಅಮೆರಿಕದವುಗಳದು ಬೇರೊಂದು ಇಂಚಿನ ಮಾನದ್ದು, ಫಿಯಟ್ಟಿನದು ಮಿಲಿಮೀಟರಿನದು. ಹತ್ತಿರದ ಅಳತೆಯೆಂದು ಯಾವುದೋ ಬೋಲ್ಟನ್ನು ಪಾನಾ ಹಾಕಿ ತಿರುಪಿದರೆ ನೂರು ವರ್ಷದ ಮರೆ ಅರೆಕ್ಷಣದಲ್ಲಿ ಹಾಳಾಗುತ್ತದೆ. ಎರಕದ ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆಯಷ್ಟು, ಅಲ್ಯೂಮಿನಿಯಮ್ಮಿನಲ್ಲಿ ಎರಡರಷ್ಟು ಆಳ ಮರೆ ಕಚ್ಚಿರತಕ್ಕದ್ದು.

ಇಷ್ಟನ್ನೂ ಒಳಗೊಂಡ ಸ್ಟ್ಯಾಂಡು ಸಿದ್ಧರೂಪದಲ್ಲಿ ಸಿಕ್ಕುವುದು ದುರ್ಲಭವಾದರೂ ಅದನ್ನು ಮಾಡಿಸಿಕೊಳ್ಳುವುದಕ್ಕೆ ಮೈಸೂರಿಗಿಂತ ಅನುಕೂಲವಾದ ಊರು ಅಪರೂಪ. 1930ರ ದಶಕದಲ್ಲಿಯೇ ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯೊಂದಕ್ಕಾಗಿ ಯೋಜನೆ ಸಿದ್ಧಪಡಿಸಿ, ಮೈಸೂರು ಸಂಸ್ಥಾನದ ಬೆಂಬಲವನ್ನು ಸಂಪಾದಿಸಿಯೂ, ಬ್ರಿಟಿಷರ ಅಸಮ್ಮತಿಯಿಂದ ಅದು ಕೈಗೂಡದೆ ಹೋದುದನ್ನು ನೆನೆದರೆ ಈಗಲೂ ಖೇದವಾಗುತ್ತದೆ. ಆದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಮೋಟಾರುಸೈಕಲ್ಲುಗಳನ್ನು ತಯಾರಿಸುತ್ತ ಈ ಊರಿನ ಎಷ್ಟೋ ಕೈಗಳಿಗೆ ಅಳತೆಯ ಶಿಸ್ತನ್ನು ಕಲಿಸಿತು. ಹೆಬ್ಬಾಳ, ಮೇಟಗಳ್ಳಿಗಳ ಕೈಗಾರಿಕಾ ಪ್ರದೇಶಗಳಲ್ಲಿ ಲೇತು, ವೆಲ್ಡಿಂಗು ಬಲ್ಲ ಕುಶಲಿಗಳಿಗೆ ಇಂದಿಗೂ ಕೊರತೆಯಿಲ್ಲ. ದಪ್ಪ ಚೌಕಪೈಪು, ಹತ್ತು ಹನ್ನೆರಡು ಮಿಲಿಮೀಟರಿನ ತಗಡು, ಒಂದೆರಡು ಬೇರಿಂಗು, ಸಾಮಗ್ರಿ ಇಷ್ಟೆ. ಮುಖ್ಯವಾದುದು, ಮೇಸ್ತ್ರಿಯ ಮುಂದೆ ಎಂಜಿನ್ನಿನ ಆಧಾರಬಿಂದುಗಳ ಅಳತೆಯನ್ನು ರಟ್ಟಿನ ಮೇಲೆ ಯಥಾವತ್ತಾಗಿ ಗುರುತಿಸಿ ಇಡುವುದು.

ಆಯುಷ್ಯದಲ್ಲಿ ಒಮ್ಮೆ ಬಿಚ್ಚುವ ಎಂಜಿನ್ನಿಗಾಗಿ ಇಷ್ಟು ವೆಚ್ಚವೇಕೆ ಎಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯಲಾರೆ. ಒಬ್ಬೊಬ್ಬರೂ ಒಂದೊಂದು ಚೌಕಟ್ಟನ್ನು ಮಾಡಿಸಿ ಕೆಲಸ ಮುಗಿದ ಮೇಲೆ ಗುಜರಿಗೆ ಹಾಕುವುದು ವಿವೇಕವೂ ಅಲ್ಲ. ಕಂಬ, ಚಕ್ರ, ತಿರುಗುವ ತಲೆ, ಇವು ಎಲ್ಲ ಎಂಜಿನ್ನುಗಳಿಗೂ ಸಾಮಾನ್ಯ. ಬದಲಾಗುವುದು ನಡುವಣ ಚೌಕಟ್ಟು ಮಾತ್ರ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿರುವ ‘ಪಯಣ’ ವಸ್ತುಸಂಗ್ರಹಾಲಯವಿದೆ. ನಗರದೊಳಗೆ 1946ರಲ್ಲಿ ಸ್ಥಾಪಿತವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಇದೆ, ಸಿ.ಪಿ.ಸಿ. ಸರ್ಕಾರಿ ಪಾಲಿಟೆಕ್ನಿಕ್ ಇದೆ. ಇವುಗಳಲ್ಲೊಂದು ಸಂಸ್ಥೆ ಮುಂದೆ ಬಂದು, ಎರಡು ಕಂಬದ ಒಂದು ದೃಢವಾದ ಸ್ಟ್ಯಾಂಡನ್ನೂ ಅದಕ್ಕೆ ಹೊಂದುವ ಚೌಕಟ್ಟುಗಳನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ, ಠೇವಣಿ ಪಡೆದು ಕಾರಿನ ಒಡೆಯರಿಗೆ ತಿಂಗಳ ಲೆಕ್ಕದಲ್ಲಿ ಎರವಲು ಕೊಡುವ ಏರ್ಪಾಟು ಮಾಡಿದರೆ, ಮೂರನೆಯ ವರ್ಷದ ಹುಡುಗರಿಗೆ ಅಭ್ಯಾಸವೂ ಆದೀತು, ಒಡೆಯರಿಗೆ ಉಪಕಾರವೂ ಆದೀತು. ಮೊದಲ ಚೌಕಟ್ಟನ್ನು ಪೇಟೆಯ ಸ್ಟ್ಯಾಂಡಿಗೆ ಎಂದೂ ಒಗ್ಗದ ಮಾಡೆಲ್ ಟಿಗಾಗಿ ಮಾಡಲಿ. ಎರಡನೆಯದನ್ನು ಆಸ್ಟಿನ್ ಸೆವೆನ್ನಿಗೆ. ಅಂಬಾಸಿಡರಿನವರು ಸ್ವಲ್ಪ ಕಾಯಬಲ್ಲರು.