‘ಅರ್ಹತೆ’ಯ ಬೀಗ, ಬಿಳಿಯರ ಕೈಯಲ್ಲಿ ಕೀಲಿ!

ಕನ್ನಡದ ತರುಣ ಬಂಧುಗಳೇ, ‘ಸ್ವಾತಂತ್ರ್ಯ’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಚಪ್ಪಾಳೆ ತಟ್ಟಬೇಡಿ. ಯಾರ ಸ್ವಾತಂತ್ರ್ಯ, ಯಾರ ತಲೆಯ ಮೇಲೆ ಕಾಲಿಟ್ಟು ಪಡೆದದ್ದು ಎಂದು ಮೊದಲು ಕೇಳಿ!

ಆಫ್ರಿಕಾದ ರೊಡೇಷ್ಯಾ, ಅಂದರೆ ಇಂದಿನ ಜಿಂಬಾಬ್ವೆಯನ್ನೇ ನೋಡಿ. 1965ರ ನವೆಂಬರ್ 11ರಂದು ಪ್ರಧಾನಿ ಇಯಾನ್ ಸ್ಮಿತ್ ಬ್ರಿಟನ್ನಿನಿಂದ ಸ್ವಾತಂತ್ರ್ಯ ಘೋಷಿಸಿದ. ಘೋಷಣೆಯ ಧಾಟಿ 1776ರ ಅಮೆರಿಕದ್ದು. ಆದರೆ ಎಲ್ಲ ಮನುಷ್ಯರೂ ಸಮಾನರು ಎಂಬ ಮುಖ್ಯ ಮಾತೇ ಅದರಲ್ಲಿ ಮಾಯ! ಬಹುಸಂಖ್ಯಾತರ ಆಡಳಿತದ ದಾರಿ ತೆರೆಯದೆ ಸ್ವಾತಂತ್ರ್ಯ ಕೊಡುವುದಿಲ್ಲ ಎಂದಿತ್ತು ಬ್ರಿಟನ್. ಆ ದಾರಿ ಮುಚ್ಚಲೆಂದೇ ಈ ‘ಸ್ವಾತಂತ್ರ್ಯ’.

ಸ್ಮಿತ್‌ನ ಪಕ್ಷ ರೊಡೇಷಿಯನ್ ಫ್ರಂಟ್. ಹುಟ್ಟಿದ್ದು 1962ರಲ್ಲಿ. 1930ರ ಭೂಹಂಚಿಕೆ ಕಾಯ್ದೆ ದೇಶದ ಹೆಚ್ಚುಕಡಿಮೆ ಅರ್ಧ ನೆಲವನ್ನು ಬಿಳಿಯರಿಗೆ ಬರೆದುಕೊಟ್ಟಿತ್ತು. ಅದನ್ನು ರದ್ದು ಮಾಡುತ್ತೇವೆಂದ ಆಳುವ ಪಕ್ಷವನ್ನು ಫ್ರಂಟ್ ಅದೇ ವರ್ಷ ಸೋಲಿಸಿತು. 1969ರ ಹೊಸ ಕಾಯ್ದೆಯಲ್ಲಿ ಇಬ್ಬರಿಗೂ ತಲಾ ಸುಮಾರು 4.5 ಕೋಟಿ ಎಕರೆ. ಸಮಪಾಲು ಎನಿಸಿತೇ? ತಲೆ ಎಣಿಸಿ! ಬಿಳಿಯರು ಸುಮಾರು 2.3 ಲಕ್ಷ, ಕರಿಯರು ಸುಮಾರು 48 ಲಕ್ಷ.

ಮತದಾನವಾದರೂ ಇತ್ತೇ? ಇತ್ತು. ಆದರೆ ಆದಾಯ, ಆಸ್ತಿ, ಓದು ತೋರಿಸಬೇಕು. ನೆಲ ಕಿತ್ತುಕೊಂಡು, ಶಾಲೆ ಕೊಡದೆ, ಆಮೇಲೆ ‘ನಿನಗೆ ಅರ್ಹತೆಯಿಲ್ಲ’ ಎನ್ನುವುದು! ನಾಗರಿಕತೆ, ಮಟ್ಟ, ದಕ್ಷತೆ ಎಲ್ಲ ಆ ಬೀಗಕ್ಕೆ ಬಳಿದ ಬಣ್ಣ.

ನಾನು ಮುದ್ರಣಾಲಯದವನು. ನನ್ನನ್ನು ಕಾಡುವ ಸಂಗತಿ ಇನ್ನೊಂದು. ಕರಿಯರ ಓದಿನ ‘ಡೈಲಿ ನ್ಯೂಸ್’ ಪತ್ರಿಕೆಯನ್ನು ಫ್ರಂಟ್ ಸರ್ಕಾರ 1964ರಲ್ಲೇ ನಿಷೇಧಿಸಿತು. 1965ರ ಘೋಷಣೆಯ ದಿನದಿಂದ ಸುದ್ದಿಗಳಿಗೆ ಕತ್ತರಿ. ಆಗ ‘ರೊಡೇಷ್ಯಾ ಹೆರಾಲ್ಡ್’ ಕತ್ತರಿ ಬಿದ್ದ ಜಾಗವನ್ನು ಖಾಲಿಯಾಗಿಯೇ ಅಚ್ಚು ಹಾಕಿತು. ಖಾಲಿ ಕಾಲಂ ನಮ್ಮ ಕಸುಬಿನಲ್ಲಿ ಕಾಗದದ ನಷ್ಟ. ಆದರೆ ಅಲ್ಲಿ ಅದೇ ದೊಡ್ಡ ಸುದ್ದಿ: ಇಲ್ಲೊಂದು ಸತ್ಯವನ್ನು ಕಿತ್ತಿದ್ದಾರೆ!

ಸಾವಿರ ವರ್ಷವಾದರೂ ಕರಿಯರ ಆಡಳಿತ ಬಾರದೆಂಬರ್ಥದ ಮಾತನ್ನು ಸ್ಮಿತ್ 1976ರಲ್ಲಿ ಆಡಿದ. ನಾಲ್ಕೇ ವರ್ಷ! ವಿಶ್ವಸಂಸ್ಥೆಯ ದಿಗ್ಬಂಧನ, ಗೆರಿಲ್ಲಾ ಯುದ್ಧ, ಸಾವಿರಾರು ಹೆಣಗಳ ನಂತರ 1980ರ ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು. ಮುಂದೆ ಮುಗಾಬೆಯೂ ತನ್ನ ಜನರನ್ನೇ ಹಿಂಸಿಸಿದ, ನಿಜ. ಅದರಿಂದ ಫ್ರಂಟಿನ ಪಾಪ ತೊಳೆಯುವುದಿಲ್ಲ.

ಗೆಳೆಯರೇ, ನಾವೂ ಬಾವುಟ ಹಿಡಿದವರು. ನೆಲದ ಮಕ್ಕಳ ನುಡಿಗೆ ನ್ಯಾಯ ಕೇಳುವುದು ಹಕ್ಕು. ಕೆಲವರು ಬೇಲಿ ಹಾಕಿಕೊಂಡು ಉಳಿದವರನ್ನು ಅಯೋಗ್ಯರೆನ್ನುವುದು ಹಕ್ಕಲ್ಲ, ದಬ್ಬಾಳಿಕೆ. ಕೂಗುವ ಮುನ್ನ ಈ ವ್ಯತ್ಯಾಸ ತಿಳಿದಿರಲಿ. ನಮ್ಮ ಕರಪತ್ರದಲ್ಲಿ ‘ಎಲ್ಲರೂ ಸಮಾನರು’ ಎಂಬ ಸಾಲಿನ ಜಾಗ ಎಂದೂ ಖಾಲಿ ಬೀಳದಿರಲಿ!